ಹಸಿವೆ ಸಿಟ್ಟಾಗಿ ಕಾಣುವ ಹೊತ್ತು: ಎರಡನ್ನೂ ಬಿಡಿಸಿ ನೋಡಲು ಒಂದು ಮಾರ್ಗದರ್ಶಿ

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗಿ, ಬೆಳಿಗ್ಗೆ 8ಕ್ಕೆ ಆರಂಭವಾಗುವ ಕೆಲಸ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ಇಲ್ಲಿಯ ಬಿಸಿಲನ್ನು ಬಲ್ಲವರಿಗೆ ಈ ಏರ್ಪಾಡಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಏಳು ಗಂಟೆಯ ಅವಸರದಲ್ಲಿ ಒಂದು ಕಪ್ ಚಹಾ ಕುಡಿದು ಮನೆ ಬಿಟ್ಟವರು ಮರಳಿ ಬಂದು ತಾಟಿನ ಮುಂದೆ ಕೂರುವಷ್ಟರಲ್ಲಿ ಎರಡೂವರೆ ಆಗಿರುತ್ತದೆ. ಆ ಕೊನೆಯ ಎರಡು ತಾಸುಗಳಲ್ಲಿ ಕಚೇರಿಯ ಕೌಂಟರಿನ ಎರಡೂ ಬದಿಗೆ ದನಿ ಏರುತ್ತದೆ, ಬಸ್ಸಿನಲ್ಲಿ ಚಿಲ್ಲರೆಯ ವಿಷಯಕ್ಕೆ ಜಗಳವಾಗುತ್ತದೆ, ಮನೆಯ ಬಾಗಿಲು ತೆರೆದೊಡನೆ ಮಗುವಿನ ಚಪ್ಪಲಿ ದಾರಿಗಡ್ಡ ಬಿದ್ದದ್ದೇ ದೊಡ್ಡ ಅಪರಾಧವಾಗಿ ಕಾಣುತ್ತದೆ. ಇದನ್ನೆಲ್ಲ ನಾವು ಸ್ವಭಾವದ ಲೆಕ್ಕಕ್ಕೆ ಬರೆಯುತ್ತೇವೆ. ಇದರಲ್ಲಿ ಬಹುಪಾಲು ಹಸಿವೆಯ ಲೆಕ್ಕಕ್ಕೆ ಸೇರಬೇಕಾದದ್ದು ಎಂಬುದು ನನ್ನ ನಂಬಿಕೆ; ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮಾಡಬೇಕಾದದ್ದೇನು ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ.

ತಲೆಯೊಳಗೆ ನಡೆಯುವುದೇನು

ಹೊಟ್ಟೆ ಚುರುಗುಟ್ಟುತ್ತದೆ ಎಂದು ನಾವು ಹೇಳಿದರೂ ಹಸಿವೆಯ ಲೆಕ್ಕ ಇಡುವುದು ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗ. 1951ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಭಾರತದ ಶರೀರಕ್ರಿಯಾ ವಿಜ್ಞಾನಿ ಬಾಲ್ ಕೃಷ್ಣ ಆನಂದ್ ಅವರು ಜಾನ್ ಬ್ರೋಬೆಕ್ ಅವರೊಡನೆ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಈ ಭಾಗದ ಎರಡೂ ಪಕ್ಕದ ಒಂದು ಸಣ್ಣ ಜಾಗ ಹಾಳಾದರೆ ಇಲಿಗಳು ಎದುರಿಗೆ ಆಹಾರವಿದ್ದರೂ ಮುಟ್ಟದೆ ಹೋಗುತ್ತವೆ ಎಂಬುದು ತಿಳಿದುಬಂತು. ಆನಂದ್ ಅವರು ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಶರೀರಕ್ರಿಯಾ ವಿಭಾಗವನ್ನು ಕಟ್ಟಿ ಬೆಳೆಸಿದರು. ಇದೇ ಹೈಪೋಥಲಾಮಸ್ ಭಯ, ಸಿಟ್ಟು ಮತ್ತು ಒತ್ತಡದ ಸಮಯದಲ್ಲಿ ದೇಹವನ್ನು ಎಚ್ಚರಿಸುವ ಕೆಲಸವನ್ನೂ ಮಾಡುತ್ತದೆ ಎಂಬುದು ನಮ್ಮ ವಿಷಯಕ್ಕೆ ಬಹಳ ಮುಖ್ಯ.

ಮಿದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟಿದ್ದರೂ ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಅದೊಂದೇ ಬಳಸುತ್ತದೆ, ಮತ್ತು ಅದರ ಮುಖ್ಯ ಇಂಧನ ಗ್ಲೂಕೋಸ್. ಊಟ ತಡವಾದಾಗ ಆರೋಗ್ಯವಂತರ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಯಕೃತ್ತು ತನ್ನ ಸಂಗ್ರಹದಿಂದ ಸಕ್ಕರೆಯನ್ನು ಬಿಡುಗಡೆ ಮಾಡಿ ಮಟ್ಟವನ್ನು ಕಾಯುತ್ತದೆ. ಸಕ್ಕರೆ ಇಳಿಯತೊಡಗಿದಾಗ ಹೀಗೆ ಬಿಡುಗಡೆ ಮಾಡು ಎಂದು ಯಕೃತ್ತಿಗೆ ಹೇಳಿಕಳಿಸುವ ಹಾರ್ಮೋನುಗಳಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಕೂಡ ಇವೆ. ಎದೆ ಬಡಿತ ಏರಿಸುವುದು, ಕೈಯಲ್ಲಿ ನಡುಕ ತರುವುದು, ಮೈಯನ್ನು ಜಗಳಕ್ಕೆ ಸಿದ್ಧಗೊಳಿಸುವುದು ಇವೇ ಹಾರ್ಮೋನುಗಳು. ಹೀಗಾಗಿ ಹಸಿದ ದೇಹ ಯಾರೊಡನೆಯೂ ಜಗಳವಾಗದೆಯೇ ಜಗಳಕ್ಕೆ ಅರ್ಧ ಸಿದ್ಧವಾಗಿ ನಿಂತಿರುತ್ತದೆ.

ಇನ್ನೊಂದು ದಾರಿಯೂ ಇದೆ. ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರ ತಂಡ 1999ರಲ್ಲಿ ಕಂಡುಹಿಡಿದ ಗ್ರೆಲಿನ್ ಎಂಬ ಹಾರ್ಮೋನು ಜಠರದಿಂದ ಹೊರಟು ಹೈಪೋಥಲಾಮಸ್ಸಿನಲ್ಲಿ ಹಸಿವೆಯ ನರಕೋಶಗಳನ್ನು ಚುರುಕುಗೊಳಿಸುತ್ತದೆ. ಈ ನರಕೋಶಗಳು ಚುರುಕಾಗಿರುವ ಸ್ಥಿತಿಯೇ ಪ್ರಾಣಿಗಳಿಗೆ ಅಹಿತವಾದದ್ದೆಂದೂ, ಆಹಾರ ಕಣ್ಣಿಗೆ ಬಿದ್ದೊಡನೆ, ಬಾಯಿಗಿಡುವ ಮೊದಲೇ, ಅವು ತಣ್ಣಗಾಗತೊಡಗುತ್ತವೆಂದೂ 2015ರಲ್ಲಿ ಪ್ರಕಟವಾದ ಸುಂಡಿಲಿಗಳ ಪ್ರಯೋಗಗಳು ತೋರಿಸಿದವು. ಹೊಟ್ಟೆ, ಹೃದಯ, ಉಸಿರಾಟಗಳ ಸುದ್ದಿಯೆಲ್ಲ ಮಿದುಳಿನ ಇನ್ಸುಲಾ ಎಂಬ ಮಡಿಕೆಗೆ ಬಂದು ಸೇರುತ್ತದೆ, ಮತ್ತು ಭಾವನೆಗಳ ಅನುಭವ ರೂಪುಗೊಳ್ಳುವುದರಲ್ಲಿಯೂ ಅದೇ ಇನ್ಸುಲಾದ ಪಾತ್ರ ದೊಡ್ಡದು. ಹೊಟ್ಟೆಯಿಂದ ಬಂದ ಕಿರಿಕಿರಿಗೆ ಎದುರಿಗಿರುವ ಮನುಷ್ಯನೇ ಕಾರಣ ಎಂದು ಮಿದುಳು ತಪ್ಪಾಗಿ ಓದಿಕೊಳ್ಳುವುದು ಇಲ್ಲಿಯೇ ಇರಬಹುದು. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿದವರೆಲ್ಲ ಸಿಡಿಮಿಡಿಗೊಳ್ಳಲಿಲ್ಲ. ಸನ್ನಿವೇಶ ಅಹಿತವಾಗಿದ್ದು, ತಮ್ಮ ಮನಃಸ್ಥಿತಿಯ ಕಡೆ ತಾವೇ ಗಮನ ಕೊಡದಿದ್ದಾಗ ಹಸಿವೆ ಸಿಟ್ಟಾಗಿ ತಿರುಗಿತು. ಮುಂದಿನ ಹೆಜ್ಜೆಗಳಿಗೆಲ್ಲ ಈ ಸಂಗತಿಯೇ ಆಧಾರ: ಗಮನ ಕೊಟ್ಟರೆ ದಾರಿ ಬದಲಾಗುತ್ತದೆ.

ಭಾವನೆಯೂ ಹಸಿವೆಯನ್ನು ಆಳುತ್ತದೆ. ಪರೀಕ್ಷೆಯ ಬೆಳಿಗ್ಗೆ ಅಥವಾ ಮನೆಯಲ್ಲಿ ಕೆಟ್ಟ ಸುದ್ದಿ ಬಂದ ಗಳಿಗೆಯಲ್ಲಿ ತುತ್ತು ಇಳಿಯುವುದಿಲ್ಲ, ಏಕೆಂದರೆ ದಿಢೀರ್ ಒತ್ತಡ ಜಠರದ ಕೆಲಸವನ್ನು ತಡೆದು ಹಸಿವೆಯನ್ನು ಅಡಗಿಸುತ್ತದೆ. ಅದೇ ಒತ್ತಡ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದರೆ ಬಹಳ ಮಂದಿಯಲ್ಲಿ ಫಲಿತಾಂಶ ತಿರುಗಿಬಿಡುತ್ತದೆ. ಏರಿಯೇ ಉಳಿದ ಕಾರ್ಟಿಸಾಲ್ ಸಿಹಿ ಮತ್ತು ಕರಿದ ತಿಂಡಿಗಳ ಕಡೆಗೆ ಎಳೆಯುತ್ತದೆ. ತೊಗರಿಗೆ ಬೆಲೆ ಬಾರದ ವರ್ಷ ಒಬ್ಬರು ಊಟ ಬಿಟ್ಟು ಕೂರುವುದೂ, ಇನ್ನೊಬ್ಬರು ಬಜಾರಿನಲ್ಲಿ ಭಜಿಯ ಗಾಡಿಯ ಮುಂದೆ ಮತ್ತೆ ಮತ್ತೆ ನಿಲ್ಲುವುದೂ ಒಂದೇ ಚಿಂತೆಯ ಎರಡು ಮುಖಗಳಾಗಿರಬಹುದು.

ಹೆಜ್ಜೆ 1: ಮಾತಿಗೆ ಮೊದಲು ಮೂರು ಪ್ರಶ್ನೆ

ಸಿಟ್ಟು ಏರುತ್ತಿದೆ, ಅಥವಾ ಸಣ್ಣ ಮಾತಿಗೂ ಅಳು ಬರುತ್ತಿದೆ ಎನ್ನಿಸಿದ ಕೂಡಲೇ ನಿಮಗೆ ನೀವೇ ಕೇಳಿಕೊಳ್ಳಿ: ಕೊನೆಯ ಸಲ ಹೊಟ್ಟೆ ತುಂಬ ತಿಂದದ್ದು ಯಾವಾಗ? ನೀರು ಕುಡಿದದ್ದು ಯಾವಾಗ? ರಾತ್ರಿ ನಿದ್ದೆ ಆಗಿದೆಯೇ? ನಾಲ್ಕೈದು ತಾಸಿನಿಂದ ಏನೂ ತಿಂದಿಲ್ಲವೆಂದಾದರೆ, ನಿಮ್ಮ ಸಿಟ್ಟಿಗೆ ಬೇರೆ ಕಾರಣವೂ ಇರಬಹುದು, ಆದರೆ ಅದರ ತೀವ್ರತೆಯಲ್ಲಿ ಒಂದು ಪಾಲು ಹಸಿವೆಯದು ಎಂದು ತಿಳಿಯಿರಿ. ‘ನನಗೆ ಈಗ ಹಸಿವೆಯಾಗಿದೆ’ ಎಂದು ಬಾಯಿಬಿಟ್ಟು ಹೇಳುವುದು ಇನ್ನೂ ಒಳ್ಳೆಯದು. ಹೇಳಿದಾಗ ನಿಮ್ಮ ಗಮನ ಎದುರಿನವರ ತಪ್ಪಿನಿಂದ ನಿಮ್ಮ ದೇಹದ ಕಡೆಗೆ ಹೊರಳುತ್ತದೆ, ಎದುರಿನವರಿಗೂ ವಿಷಯ ತಿಳಿಯುತ್ತದೆ. ಮಕ್ಕಳಿಗೆ ಇದನ್ನು ಚಿಕ್ಕಂದಿನಲ್ಲಿಯೇ ಕಲಿಸಬೇಕು. ಶಾಲೆಯಿಂದ ಬಂದು ಚೀಲ ಬಿಸಾಡಿ ರಂಪ ಮಾಡುವ ಹುಡುಗನಿಗೆ ಬೈಗುಳಕ್ಕಿಂತ ಮೊದಲು ಬೇಕಾದದ್ದು ಒಂದು ಲೋಟ ಮಜ್ಜಿಗೆ ಮತ್ತು ತಿನ್ನಲು ಏನಾದರೊಂದು.

ಹೆಜ್ಜೆ 2: ಕಡಕ್ ರೊಟ್ಟಿಯ ಪರೀಕ್ಷೆ

ಈಗ ಬಂದಿರುವುದು ದೇಹದ ಹಸಿವೆಯೋ, ಮನಸ್ಸಿನ ಬೇಸರವೋ ಎಂಬುದನ್ನು ತಿಳಿಯಲು ನಮ್ಮ ಭಾಗದವರಿಗೆ ಒಂದು ಸುಲಭ ಉಪಾಯವಿದೆ. ಡಬ್ಬಿಯಲ್ಲಿರುವ ಕಡಕ್ ಜೋಳದ ರೊಟ್ಟಿ, ಅದರ ಮೇಲೆ ಒಂದಿಷ್ಟು ಶೇಂಗಾ ಹಿಂಡಿ, ಪಕ್ಕಕ್ಕೆ ಮೊಸರು: ಇಷ್ಟನ್ನು ಮನಸ್ಸಿನಲ್ಲಿ ತಂದುಕೊಂಡು, ಇದನ್ನು ಈಗ ತಿನ್ನಬಲ್ಲೆನೇ ಎಂದು ಕೇಳಿಕೊಳ್ಳಿ. ಬಾಯಲ್ಲಿ ನೀರೂರಿದರೆ ಅದು ಹಸಿವೆ, ತಡಮಾಡದೆ ತಿನ್ನಿ. ‘ರೊಟ್ಟಿ ಬೇಡ, ಬಿಸಿ ಮಿರ್ಚಿ ಭಜಿಯೇ ಆಗಬೇಕು’ ಎಂದು ಮನಸ್ಸು ಹಟ ಹಿಡಿದರೆ ಅದರ ಹಿಂದೆ ದಣಿವು, ಒಂಟಿತನ, ಚಿಂತೆ ಇವುಗಳಲ್ಲೊಂದು ಇರುವ ಸಾಧ್ಯತೆ ಹೆಚ್ಚು. ಹಸಿವು ರುಚಿ ಅರಿಯದು ಎಂದು ಹಿರಿಯರು ಹೇಳಿದ್ದರಲ್ಲಿ ಹುರುಳಿದೆ. ದೇಹದ ಹಸಿವೆ ಮೆಲ್ಲಮೆಲ್ಲನೆ ಬಲಿಯುತ್ತದೆ ಮತ್ತು ಹೊಟ್ಟೆ ತುಂಬಿದಾಗ ಇಳಿಯುತ್ತದೆ. ಭಾವನೆಯಿಂದ ಹುಟ್ಟಿದ ಬಯಕೆ ದಿಢೀರನೆ ಬಂದು, ಹೊಟ್ಟೆ ತುಂಬಿದ ಮೇಲೂ ಕೈಯನ್ನು ಚೂಡಾದ ಡಬ್ಬಿಯೊಳಗೇ ಇರಿಸುತ್ತದೆ. ಈ ಪರೀಕ್ಷೆ ನೂರಕ್ಕೆ ನೂರು ಸರಿಯಾಗಬೇಕೆಂದಿಲ್ಲ, ಏಕೆಂದರೆ ಹಸಿವೆಯೂ ಬೇಸರವೂ ಒಟ್ಟಿಗೇ ಬರುವುದುಂಟು. ಸಂದೇಹವಿದ್ದರೆ ಹಸಿವೆಯೆಂದೇ ತಿಳಿದು ರೊಟ್ಟಿ ತಿನ್ನಿ.

ಹೆಜ್ಜೆ 3: ಮೊದಲು ತುತ್ತು, ಆಮೇಲೆ ಮಾತು

ಹಸಿವೆಯೆಂದು ಗೊತ್ತಾದ ಮೇಲೆ ವಾದವನ್ನು ಮುಂದುವರಿಸಬೇಡಿ. ಒಂದು ಹಿಡಿ ಹುರಿದ ಶೇಂಗಾ, ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಇಷ್ಟಾದರೂ ಹೊಟ್ಟೆಗೆ ಹೋಗಲಿ. ತಿಂದದ್ದರ ಸುದ್ದಿ ಕರುಳಿನ ಹಾರ್ಮೋನುಗಳ ಮೂಲಕವೂ ವೇಗಸ್ ನರದ ಮೂಲಕವೂ ಮಿದುಳಿಗೆ ಪೂರ್ತಿಯಾಗಿ ತಲುಪಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅಲ್ಲಿಯವರೆಗೆ ಹಣದ ವ್ಯವಹಾರ, ಮಕ್ಕಳ ಅಂಕಪಟ್ಟಿ, ಹೊಲದ ಪಾಲು ಇಂಥ ಯಾವುದನ್ನೂ ಎತ್ತಬಾರದು, ಫೋನಿನಲ್ಲಿ ಖಾರವಾದ ಉತ್ತರವನ್ನೂ ಬರೆಯಬಾರದು. ಮೊದಲು ಉಣಿಸಿ ಆಮೇಲೆ ವಿಚಾರಿಸುವುದು ಶರಣಬಸವೇಶ್ವರರ ದಾಸೋಹದ ಈ ನೆಲಕ್ಕೆ ಹೊಸದೇನಲ್ಲ. ಆ ಪದ್ಧತಿಯನ್ನು ನಮ್ಮ ಮನೆಯೊಳಗಿನ ಜಗಳಕ್ಕೂ ಅನ್ವಯಿಸಿಕೊಳ್ಳಬೇಕಷ್ಟೆ.

ಬೇಸಿಗೆಯಲ್ಲಿ ನೀರಿನ ಮಾತು ಬೇರೆಯೇ ಆಗಿ ಹೇಳಬೇಕಾಗುತ್ತದೆ. ಬಿಸಿಲು ಏರಿದಂತೆ ಹಸಿವೆ ತಾನಾಗಿಯೇ ಕುಗ್ಗುತ್ತದೆ, ಆದ್ದರಿಂದ ಹೊಟ್ಟೆ ಖಾಲಿಯಿರುವುದು ನಮಗೆ ಗೊತ್ತೇ ಆಗುವುದಿಲ್ಲ. ಅದರ ಜೊತೆಗೆ ಮೈಯಲ್ಲಿ ನೀರಿನ ಅಂಶ ಸ್ವಲ್ಪ ಕಡಿಮೆಯಾದರೂ ತಲೆನೋವು, ದಣಿವು, ಕಿರಿಕಿರಿ ಶುರುವಾಗುತ್ತದೆ. ಮಧ್ಯಾಹ್ನ ಹೊರಗಿನಿಂದ ಬಂದವರಿಗೆ ನೀರು ಮೊದಲು, ನಂತರ ತಿನ್ನಲು, ಅನಂತರ ಸುದ್ದಿ.

ಹೆಜ್ಜೆ 4: ಹೊತ್ತಿಗೆ ಸರಿಯಾಗಿ, ನಿಲ್ಲುವಂಥ ಊಟ

ಗ್ರೆಲಿನ್ ನಿಮ್ಮ ಊಟದ ವೇಳೆಯನ್ನು ಕಲಿತುಕೊಳ್ಳುತ್ತದೆ. ದಿನಾ ಉಣ್ಣುವ ಹೊತ್ತು ಸಮೀಪಿಸಿದಂತೆ ಅದರ ಮಟ್ಟ ಏರುತ್ತದೆ, ಊಟವಾದ ಮೇಲೆ ಇಳಿಯುತ್ತದೆ. ಕಚೇರಿಯ ವೇಳೆ ಏಪ್ರಿಲ್ 1ರಂದು ಒಮ್ಮೆಲೇ ಬದಲಾಗಬಹುದು, ಆದರೆ ದೇಹದ ಗಡಿಯಾರ ಒಂದೇ ದಿನದಲ್ಲಿ ಬದಲಾಗದು. ಆದ್ದರಿಂದ ಮಾರ್ಚ್ ಕೊನೆಯ ವಾರದಿಂದಲೇ ನಾಷ್ಟಾವನ್ನು ದಿನಕ್ಕೆ ಹತ್ತು ಹದಿನೈದು ನಿಮಿಷ ಹಿಂದಕ್ಕೆ ತರುತ್ತ ಬನ್ನಿ. ಏಳು ಗಂಟೆಗೆ ಹಸಿವೆಯೇ ಆಗುವುದಿಲ್ಲ ಎನ್ನುವವರು ರೊಟ್ಟಿ ಪಲ್ಯವನ್ನು ಕಟ್ಟಿಕೊಂಡು ಹೋಗಿ ಹತ್ತೂವರೆಯ ಸುಮಾರಿಗೆ ತಿನ್ನಲಿ.

ಏನು ತಿನ್ನುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಸಕ್ಕರೆ ಹಾಕಿದ ಚಹಾ, ಬಿಸ್ಕೀಟು, ಬರೀ ಮಂಡಕ್ಕಿ ಇವು ಬೇಗ ಜೀರ್ಣವಾಗಿ ಸಕ್ಕರೆಯನ್ನು ಏರಿಸಿ, ಮತ್ತೆ ಬೇಗನೆ ಇಳಿಸುತ್ತವೆ. ಮಂಡಕ್ಕಿಯ ಸುಸಲಾ ಮಾಡುವಾಗ ಪುಟಾಣಿ ಹಿಟ್ಟು ಮತ್ತು ಶೇಂಗಾವನ್ನು ಕೈಬಿಚ್ಚಿ ಹಾಕಿದರೆ ಅದೇ ತಿಂಡಿ ಹೆಚ್ಚು ಹೊತ್ತು ತಡೆಯುತ್ತದೆ, ಏಕೆಂದರೆ ಪ್ರೋಟೀನು, ನಾರು ಮತ್ತು ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸಿ, ತೃಪ್ತಿಯ ಸಂದೇಶ ಒಯ್ಯುವ ಕರುಳಿನ ಹಾರ್ಮೋನುಗಳನ್ನು ಹೆಚ್ಚಿಸುತ್ತವೆ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಮೊಸರು ಇರುವ ತಾಟಿಗಿಂತ ಉತ್ತಮವಾದ ಪಥ್ಯವನ್ನು ಹುಡುಕಿಕೊಂಡು ದೂರ ಹೋಗಬೇಕಾದ ಅಗತ್ಯ ನನಗಂತೂ ಕಂಡಿಲ್ಲ.

ನಿದ್ದೆಯ ಬಗ್ಗೆ ಒಂದು ಮಾತು. ಶಿಕಾಗೋ ವಿಶ್ವವಿದ್ಯಾಲಯದ 2004ರ ಅಧ್ಯಯನದಲ್ಲಿ ಆರೋಗ್ಯವಂತ ಯುವಕರು ಎರಡು ರಾತ್ರಿ ನಾಲ್ಕೇ ತಾಸು ಮಲಗಿದಾಗ ಗ್ರೆಲಿನ್ ಶೇಕಡಾ 28ರಷ್ಟು ಏರಿತು, ತೃಪ್ತಿಯ ಹಾರ್ಮೋನಾದ ಲೆಪ್ಟಿನ್ ಶೇಕಡಾ 18ರಷ್ಟು ಇಳಿಯಿತು. ರಾತ್ರಿ ಪಾಳಿಯವರೂ, ಪರೀಕ್ಷೆಗೆ ಓದುವವರೂ ತಮ್ಮ ಹಸಿವೆಯನ್ನು ಅಳೆಯುವಾಗ ಇದನ್ನು ನೆನಪಿನಲ್ಲಿಡಬೇಕು.

ಹೆಜ್ಜೆ 5: ಕೊನೆಗೆ ಉಣ್ಣುವವರ ತಾಟು

ನನ್ನ ಮಟ್ಟಿಗೆ ಈ ಲೇಖನದ ತೀರ ಮುಖ್ಯವಾದ ಹೆಜ್ಜೆ ಇದು. ನಮ್ಮ ಅನೇಕ ಮನೆಗಳಲ್ಲಿ ಬೆಳಗಿನ ಐದೂವರೆಗೆ ಒಲೆ ಹಚ್ಚಿದ ಹೆಣ್ಣುಮಗಳು ಹಿಟ್ಟು ನಾದಿ, ಬಿಸಿ ಹಂಚಿನ ಮುಂದೆ ಕೂತು ಒಂದಾದ ಮೇಲೊಂದು ರೊಟ್ಟಿ ಬಡಿಯುತ್ತಾಳೆ. ಬೇಯಿಸುತ್ತಿದ್ದಂತೆ ಬಿಸಿ ರೊಟ್ಟಿಗಳು ಗಂಡನ, ಮಾವನ, ಮಕ್ಕಳ ತಾಟಿಗೆ ಹೋಗುತ್ತವೆ. ಡಬ್ಬಿ ಕಟ್ಟಬೇಕು, ನೀರು ಹಿಡಿಯಬೇಕು, ಭಾಂಡೆ ತಿಕ್ಕಬೇಕು. ಇಷ್ಟಾಗಿ ಅವಳು ತನ್ನ ಮೊದಲ ತುತ್ತು ಎತ್ತುವಾಗ ಹನ್ನೊಂದು ಆಗಿರುತ್ತದೆ, ಕೆಲವೊಮ್ಮೆ ಹನ್ನೆರಡು. ಐದಾರು ತಾಸು ಬೆಂಕಿಯ ಮುಂದೆ ಬರೀ ಹೊಟ್ಟೆಯಲ್ಲಿ ದುಡಿದ ದೇಹದಲ್ಲಿ ಮೇಲೆ ಹೇಳಿದ ಹಸಿವೆಯ ಮತ್ತು ಒತ್ತಡದ ಹಾರ್ಮೋನುಗಳು ಏರಿ ನಿಂತಿರುತ್ತವೆ. ಆಗ ಅವಳ ಬಾಯಿಂದ ಒಂದು ಬಿರುಸು ಮಾತು ಬಂದರೆ ‘ಸೊಸಿಗಿ ಸಿಟ್ಟು ಭಾಳ’ ಎಂದು ಓಣಿಯೆಲ್ಲ ಹೆಸರಾಗುತ್ತದೆ. ಇದು ಅನ್ಯಾಯ. ಅವಳ ಸ್ವಭಾವದ ಬಗ್ಗೆ ತೀರ್ಪು ಕೊಡುವ ಮೊದಲು ಅವಳ ಊಟದ ವೇಳೆಯನ್ನು ಬದಲಾಯಿಸಿ ನೋಡಬೇಕು.

ಬದಲಾಯಿಸುವುದು ಕಷ್ಟವೇನಲ್ಲ. ಮೊದಲ ಎರಡು ರೊಟ್ಟಿ ಅಡುಗೆ ಮಾಡುವವರಿಗೆ ಎಂದು ಮನೆಯಲ್ಲಿ ಮಾತಾಗಲಿ. ಹಿರಿಯರು ಮುಂದಾದರೆ ಇದು ಒಂದೇ ದಿನದಲ್ಲಿ ರೂಢಿಗೆ ಬರುತ್ತದೆ. ಅತ್ತೆಯೊಬ್ಬರು ‘ಯವ್ವಾ, ಹಂಚಿನ ಮುಂದ ನಾ ಕೂಡ್ತೀನಿ, ನೀ ಮೊದಲ ಒಂದು ರೊಟ್ಟಿ ತಿನ್ನು, ಆಮ್ಯಾಲ ಮಾತಾಡಮು’ ಎಂದರೆ ಆ ಮನೆಯ ಬೆಳಗಿನ ಅರ್ಧ ಜಗಳ ಹುಟ್ಟುವುದೇ ಇಲ್ಲ. ಗಂಡಸರೂ ತಮ್ಮ ತಾಟನ್ನು ತಾವೇ ಬಡಿಸಿಕೊಂಡರೆ ಹತ್ತು ನಿಮಿಷ ಉಳಿಯುತ್ತದೆ, ಅವಳು ಕೂತು ತಿನ್ನಲು ಅಷ್ಟು ಸಾಕು.

ಹೆಜ್ಜೆ 6: ಬೇಸರ ತಿನ್ನಿಸುವಾಗ

ರೊಟ್ಟಿಯ ಪರೀಕ್ಷೆಯಲ್ಲಿ ಇದು ಹಸಿವೆಯಲ್ಲ ಎಂದು ತಿಳಿದುಬಂದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಸಿಹಿ ಮತ್ತು ಎಣ್ಣೆ ಪದಾರ್ಥಗಳು ಮಿದುಳಿನಲ್ಲಿ ಡೋಪಮಿನ್ ಹೆಚ್ಚಿಸಿ ಸ್ವಲ್ಪ ಹೊತ್ತು ನಿಜಕ್ಕೂ ಸಮಾಧಾನ ಕೊಡುತ್ತವೆ, ಅದಕ್ಕಾಗಿಯೇ ಮಿದುಳು ಅದನ್ನು ನೆನಪಿಟ್ಟು ಮುಂದಿನ ಬೇಸರದಲ್ಲಿ ಮತ್ತೆ ಕೇಳುತ್ತದೆ. ‘ಇನ್ನು ಮೇಲೆ ಮುಟ್ಟುವುದೇ ಇಲ್ಲ’ ಎಂಬ ಪ್ರತಿಜ್ಞೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಸ್ವಯಂಸೇವಕರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ನಡೆಸಿದ ಅಧ್ಯಯನದಲ್ಲಿ, ಆರೋಗ್ಯವಂತರಾಗಿದ್ದ ಆ ಯುವಕರು ಸಿಡುಕರೂ ಖಿನ್ನರೂ ಆದರು. ಹಗಲು ರಾತ್ರಿ ಊಟದ ಮಾತೇ ಆಡಿದರು, ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಓದಿದರು. ನಿರ್ಬಂಧ ಹೆಚ್ಚಿದಷ್ಟೂ ಮನಸ್ಸು ಆಹಾರಕ್ಕೆ ಅಂಟಿಕೊಳ್ಳುತ್ತದೆ.

ಆದ್ದರಿಂದ ತಡೆಯುವುದರ ಬದಲು ಮುಂದೂಡಿ. ಹತ್ತು ನಿಮಿಷ ಹೊರಗೆ ಅಡ್ಡಾಡಿ ಬನ್ನಿ, ಮನಸ್ಸಿಗೆ ಹತ್ತಿರದವರಿಗೆ ಒಂದು ಫೋನ್ ಮಾಡಿ. ಆಮೇಲೂ ಬೇಕೆನ್ನಿಸಿದರೆ ಚೂಡಾವನ್ನು ಡಬ್ಬಿಯಿಂದಲೇ ತಿನ್ನದೆ ಒಂದು ಬಟ್ಟಲಿಗೆ ಹಾಕಿಕೊಂಡು, ಟೀವಿ ಮತ್ತು ಮೊಬೈಲ್ ಬದಿಗಿಟ್ಟು, ಕೂತು ರುಚಿ ನೋಡುತ್ತ ತಿನ್ನಿ.

ಉಪವಾಸ ಇರುವವರಿಗೆ

ಶ್ರಾವಣ ಸೋಮವಾರದ ಒಪ್ಪೊತ್ತು, ಏಕಾದಶಿ, ರಂಜಾನ್ ರೋಜಾ ಇವುಗಳಲ್ಲಿ ಹಸಿವೆ ಸಿಟ್ಟಾಗಿ ತಿರುಗುವುದು ಕಡಿಮೆ ಎಂಬುದನ್ನು ಬಹಳ ಮಂದಿ ತಮ್ಮ ಅನುಭವದಿಂದಲೇ ಬಲ್ಲರು. ಹಸಿವೆ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ, ಅದಕ್ಕೊಂದು ಅರ್ಥವಿರುತ್ತದೆ, ಸುತ್ತಲಿನವರೂ ಜೊತೆಗಿರುತ್ತಾರೆ. ಹಸಿವೆ ಅಲೆಯಂತೆ ಏರಿ ಇಳಿಯುವುದೂ ನಿಜ. ದಿನದ ಊಟದ ಹೊತ್ತು ದಾಟಿದ ಮೇಲೆ ತಿನ್ನದಿದ್ದರೂ ಗ್ರೆಲಿನ್ ತಗ್ಗುತ್ತದೆ. ಆದರೂ ಉಪವಾಸ ಬಿಡುವ ಮುನ್ನಿನ ಒಂದು ತಾಸಿನಲ್ಲಿ ವಾಹನ ಓಡಿಸುವುದನ್ನೂ, ವಾದ ಮಾಡುವುದನ್ನೂ ಆದಷ್ಟು ತಪ್ಪಿಸಿ.

ಹೆಜ್ಜೆ 7: ಒಂದು ವಾರದ ಟಿಪ್ಪಣಿ

ಹಳೆಯ ವಹಿಯೊಂದರಲ್ಲಿ ಏಳು ದಿನ ಮೂರೇ ಸಂಗತಿ ಬರೆಯಿರಿ: ತಿಂದ ಹೊತ್ತು, ತಿಂದದ್ದು, ಮನಸ್ಸು ಕೆಟ್ಟ ಹೊತ್ತು. ತೂಕ, ಕ್ಯಾಲೊರಿ ಯಾವುದೂ ಬೇಡ. ಸಿಟ್ಟಿನ ಗಳಿಗೆಗಳು ಊಟದ ಹಿಂದಿನ ತಾಸಿನಲ್ಲಿಯೇ ಗುಂಪಾಗಿ ಬಿದ್ದಿದ್ದರೆ ನಾಲ್ಕನೆಯ ಹೆಜ್ಜೆಗೆ ಹೋಗಿ; ತಿನ್ನುವ ಗಳಿಗೆಗಳು ಚಿಂತೆಯ ಬೆನ್ನಿಗೇ ಬಂದಿದ್ದರೆ ಆರನೆಯದಕ್ಕೆ ಹೋಗಿ.

ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಹಠಾತ್ ಸಿಟ್ಟು, ಬೆವರು, ನಡುಕ, ತೊದಲು, ಗೊಂದಲ ಕಾಣಿಸಿಕೊಂಡರೆ ಅದನ್ನು ಹಸಿವೆಯ ಸಿಡುಕೆಂದು ಬಿಡಬಾರದು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದಿರಬಹುದು. ಎಚ್ಚರವಿದ್ದರೆ ಮೂರು ನಾಲ್ಕು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೂ ಕಡಿಮೆಯಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ ಸೇರದೆ ಮನಸ್ಸು ಕುಗ್ಗಿದ್ದರೆ, ಅಥವಾ ಯಾರಿಗೂ ಕಾಣದಂತೆ ವಿಪರೀತ ತಿಂದು ಆಮೇಲೆ ವಾಂತಿ ಮಾಡುವ ಅಭ್ಯಾಸ ಅಂಟಿದ್ದರೆ, ಇಲ್ಲಿ ಹೇಳಿದ ಹೆಜ್ಜೆಗಳು ಸಾಲುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಅಲ್ಲಿಗೆ ಹೋಗಲು ಹಿಂಜರಿಕೆಯಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆಗೆ ಶುಲ್ಕವಿಲ್ಲ.